ಹೊತ್ತು ಎಲ್ಲಿಗೆ ಹೋಯಿತು?

ಪ್ರತಿವರ್ಷವೂ ಕಾಲೇಜು ತೆರೆದ ಮೊದಲ ವಾರದಲ್ಲಿ, ಹೊಸದಾಗಿ ಬಂದ ವಿದ್ಯಾರ್ಥಿಗಳ ಮುಂದೆ ನಾವು ಒಂದು ಸಣ್ಣ ಪ್ರಶ್ನೆಯನ್ನು ಇಡುವುದುಂಟು: ರಾತ್ರಿ ಏಕೆ ಆಗುತ್ತದೆ? ತರಗತಿಯೆಲ್ಲ ನಗುತ್ತದೆ. ಇದೂ ಒಂದು ಪ್ರಶ್ನೆಯೆ! ‘ಭೂಮಿಯು ತನ್ನ ಅಕ್ಷದ ಮೇಲೆ ತಿರುಗುವುದರಿಂದ’ ಎಂಬ ಉತ್ತರವು ನಾಲ್ಕು ಮೂಲೆಗಳಿಂದಲೂ ಒಂದೇ ಉಸಿರಿನಲ್ಲಿ ಹೊರಡುತ್ತದೆ. ಆಗ ನಾವು ಒಬ್ಬರನ್ನು ಮುಂದಕ್ಕೆ ಕರೆದು, “ಹಾಗಾದರೆ ನೀವೇ ಭೂಮಿ, ನಿಮ್ಮ ಮೂಗೇ ತುಮಕೂರು, ಆ ಕಿಟಕಿಯೇ ಸೂರ್ಯ. ಈಗ ತುಮಕೂರಿಗೆ ಬೆಳಗಾಗುವಂತೆ ತಿರುಗಿ, ನೋಡೋಣ” ಎನ್ನುತ್ತೇವೆ. ನಗು ಅಲ್ಲಿಗೆ ನಿಲ್ಲುತ್ತದೆ. ಕೆಲವರು ಬಲಕ್ಕೆ ತಿರುಗುತ್ತಾರೆ. ಕೆಲವರು ಕಿಟಕಿಯ ಸುತ್ತ ಪ್ರದಕ್ಷಿಣೆ ಹೊರಡಲು ಅಣಿಯಾಗುತ್ತಾರೆ. ಅಂದರೆ ದಿನದ ಚಲನೆಗೂ ವರ್ಷದ ಚಲನೆಗೂ ಅವರ ಮನಸ್ಸಿನಲ್ಲಿ ಭೇದವಿಲ್ಲ. ಒಬ್ಬಾಕೆಯು ಒಮ್ಮೆ ಬಹು ವಿನಯದಿಂದ, “ಸಾರ್, ಚಂದ್ರ ಆ ಕಡೆ ಗೋಡೆಯ ಹತ್ತಿರ ಇರಬೇಕಲ್ಲವೆ?” ಎಂದು ಕೇಳಿದಳು. ಸೂರ್ಯನು ಒಂದು ಕಡೆ, ಚಂದ್ರನು ಅದಕ್ಕೆ ನೇರ ಎದುರು, ಭೂಮಿಯು ನಡುವೆ ತಿರುಗುತ್ತ ಒಮ್ಮೆ ಇವನನ್ನೂ ಒಮ್ಮೆ ಅವನನ್ನೂ ನೋಡುತ್ತದೆ ಎಂಬುದು ಆಕೆಯ ಕಲ್ಪನೆ.

ಇವರು ದಡ್ಡರಲ್ಲ. ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳನ್ನು ಪಡೆದು ಬಂದವರು. ಮಾತು ನಾಲಗೆಯ ಮೇಲಿದೆ, ಚಿತ್ರವು ಕಣ್ಣಿನಲ್ಲಿಲ್ಲ, ಅಷ್ಟೆ. ಈ ಬಿರುಕು ಎಲ್ಲಿ ಮೊದಲಾಗುತ್ತದೆ ಎಂಬ ಕುತೂಹಲವು ನಮ್ಮನ್ನು ಹಿಂದೆ ಹಿಂದೆ ಎಳೆದುಕೊಂಡು ಹೋಗಿ, ಕಡೆಗೆ ಗುಬ್ಬಿ, ಕುಣಿಗಲ್ ಕಡೆಯ ಅಂಗನವಾಡಿಗಳ ಚಾಪೆಯ ಮೇಲೆ ಕೂರಿಸಿತು. ಭೌತವಿಜ್ಞಾನದ ಅಧ್ಯಾಪಕರಿಗೆ ಮೂರು ನಾಲ್ಕು ವರ್ಷದ ಮಕ್ಕಳೊಡನೆ ಏನು ಕೆಲಸವೆಂದು ಮಿತ್ರರು ಹಾಸ್ಯಮಾಡಿದ್ದುಂಟು. ಅಲ್ಲಿ ಕಂಡುದನ್ನೂ, ನಾವು ಮಾಡಿದ ಒಂದು ತಪ್ಪನ್ನೂ, ಅದರಿಂದ ಹೊಳೆದ ಕೆಲವು ಆಟಗಳನ್ನೂ ಇಲ್ಲಿ ಹೇಳಬೇಕೆಂದಿದ್ದೇವೆ. ವಾಚಕರಲ್ಲಿ ಬಹುಮಂದಿಗೆ ಮನೆಯಲ್ಲಿ ತಮ್ಮನೋ ತಂಗಿಯೋ ಅಕ್ಕನ ಮಗುವೋ ಇದ್ದೇ ಇರುತ್ತದೆ. ಸಂಜೆಯ ಹೊತ್ತು ಆ ಮಗುವು ಪ್ರಶ್ನೆ ಕೇಳಿಯೇ ಕೇಳುತ್ತದೆ.

ಹೊತ್ತು ಎಂಬ ಈ ಮಾತನ್ನೇ ನೋಡಿ. ನಮ್ಮ ಭಾಷೆಯಲ್ಲಿ ಹೊತ್ತು ಎಂದರೆ ಸೂರ್ಯನೂ ಹೌದು, ಕಾಲವೂ ಹೌದು. ಹೊತ್ತು ಮೂಡಿತು, ಹೊತ್ತು ಏರಿತು, ಹೊತ್ತು ಮುಳುಗಿತು ಎನ್ನುತ್ತೇವೆ. ‘ಇಷ್ಟು ಹೊತ್ತು ಎಲ್ಲಿದ್ದೆ?’ ಎಂದೂ ಕೇಳುತ್ತೇವೆ. ಹೊತ್ತು ಮೂಡುವ ದಿಕ್ಕು ಮೂಡಣ. ಅದು ಪಡುವ, ಎಂದರೆ ಇಳಿದು ಬೀಳುವ, ದಿಕ್ಕು ಪಡುವಣ. ಗಡಿಯಾರವಿಲ್ಲದ ಕಾಲದಲ್ಲಿ ಆಕಾಶವನ್ನು ನೋಡಿ ಬದುಕಿದ ಜನರು ಕಂಡುದನ್ನು ಕಂಡ ಹಾಗೆಯೇ ನುಡಿದಿಟ್ಟಿದ್ದಾರೆ. ಮಗುವು ಶಾಲೆಗೆ ಬರುವ ಮೊದಲೇ ಈ ಮಾತುಗಳ ಮೂಲಕ ಒಂದು ಖಗೋಳಶಾಸ್ತ್ರವನ್ನು ಕಲಿತಿರುತ್ತದೆ. ಅದರಲ್ಲಿ ಭೂಮಿ ನಿಂತಿದೆ, ಸೂರ್ಯ ನಡೆಯುತ್ತಾನೆ. ಅದು ಅಜ್ಞಾನವಲ್ಲ, ವೀಕ್ಷಣೆ.

ಇನ್ನು ನಮ್ಮ ತಪ್ಪಿನ ಕಥೆ. ಗುಬ್ಬಿಯ ಕಡೆಯ ಒಂದು ಅಂಗನವಾಡಿಗೆ ಮೊದಲ ಸಲ ಹೋದಾಗ ನಾವು ಬಹಳ ಸಿದ್ಧತೆ ಮಾಡಿಕೊಂಡಿದ್ದೆವು. ತೆಂಗಿನ ಸೀಮೆಯಲ್ಲವೆ? ಗೋಳವನ್ನು ಕೊಳ್ಳುವುದೇಕೆಂದು ಸುಲಿದ ತೆಂಗಿನಕಾಯಿಯೊಂದನ್ನು ನುಣ್ಣಗೆ ಹೆರೆದು, ಅದರ ಮೇಲೆ ಗುಬ್ಬಿ ಇರುವೆಡೆಯಲ್ಲಿ ಒಂದು ಕುಂಕುಮದ ಬೊಟ್ಟನ್ನು ಇಟ್ಟುಕೊಂಡು ಹೋದೆವು. ಕಿಟಕಿ ಬಾಗಿಲುಗಳನ್ನು ಮುಚ್ಚಿ, ಬೆಂಚಿನ ಮೇಲೆ ಟಾರ್ಚನ್ನು ಮಲಗಿಸಿ, ಅದರ ಬೆಳಕಿನಲ್ಲಿ ಕಾಯನ್ನು ಮೆಲ್ಲಗೆ ತಿರುಗಿಸುತ್ತ, “ನೋಡಿ, ಈಗ ಗುಬ್ಬಿಗೆ ಬೆಳಗಾಯಿತು; ಈಗ ಮಧ್ಯಾಹ್ನ; ಈಗ ಕತ್ತಲೆ” ಎಂದು ವಿವರಿಸಿದೆವು. ಮಕ್ಕಳು ಬಾಯಿಬಿಟ್ಟು ನೋಡಿದುವು. ನಮಗೆ ಪರಮ ಸಂತೋಷವಾಯಿತು. ಮುಂದೆ ಕುಳಿತಿದ್ದ ನಾಲ್ಕು ವರ್ಷದ ಹುಡುಗನನ್ನು ಕರೆದು, “ಬಾ ಪುಟ್ಟ, ಈಗ ನೀನು ರಾತ್ರಿ ಮಾಡು” ಎಂದೆವು. ಅವನು ನೇರವಾಗಿ ಬಂದು ಟಾರ್ಚನ್ನು ಆರಿಸಿಬಿಟ್ಟ. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಹಿಂದಿನಿಂದ ಒಂದು ಹುಡುಗಿ, “ಸಾರ್, ಕಾಯಿ ಯಾವಾಗ ಒಡೀತೀರ?” ಎಂದು ಕೇಳಿದಳು.

ಮನೆಗೆ ಬರುವಾಗ ದಾರಿಯುದ್ದಕ್ಕೂ ಯೋಚಿಸಿದೆವು. ಆ ಹುಡುಗ ತಪ್ಪು ಮಾಡಲಿಲ್ಲ. ಅವನ ಅನುಭವದಲ್ಲಿ ಕತ್ತಲೆಯಾಗುವುದು ದೀಪ ಆರಿದಾಗ, ಟಾರ್ಚು ಕಣ್ಣೆದುರಿಗೇ ಇದೆ, ಗುಂಡಿಯೂ ಇದೆ. ನಾವು ಅವನಿಂದ ಬಯಸಿದ್ದು ಬಹು ದೊಡ್ಡ ಸಾಹಸವನ್ನು. ತಾನು ನಿಂತಿರುವ ನೆಲವನ್ನು ಬಿಟ್ಟು ಆಕಾಶಕ್ಕೆ ಹಾರಿ, ಅಲ್ಲಿಂದ ಭೂಮಿಯನ್ನು ಒಂದು ಕಾಯಿಯಂತೆ ಕಂಡು, ಆ ಕಾಯಿಯ ಮೇಲಿನ ಬೊಟ್ಟೇ ತಾನೆಂದು ತಿಳಿದು, ಬೊಟ್ಟಿಗೆ ಏನು ಕಾಣುತ್ತದೆಂದು ಊಹಿಸಿ, ಮತ್ತೆ ನೆಲಕ್ಕೆ ಇಳಿಯಬೇಕು! ಕಾಲೇಜಿನ ವಿದ್ಯಾರ್ಥಿಗಳು ಮುಗ್ಗರಿಸುವುದೂ ಈ ಜಿಗಿತದಲ್ಲೇ. ಹೊರಗಿನಿಂದ ನೋಡುವ ನೋಟ ಒಂದು, ಒಳಗೆ ನಿಂತು ನೋಡುವ ನೋಟ ಇನ್ನೊಂದು; ಇವೆರಡನ್ನೂ ಜೋಡಿಸುವ ಸೇತುವೆಯನ್ನು ಯಾರೂ ಕಟ್ಟಿಕೊಟ್ಟಿರುವುದಿಲ್ಲ.

ಮಕ್ಕಳು ಈ ವಿಷಯದಲ್ಲಿ ಏನು ತಿಳಿದಿರುತ್ತಾರೆ ಎಂಬುದನ್ನು ಮೊದಲು ತಾಳ್ಮೆಯಿಂದ ಕೇಳಿ ಬರೆದವರಲ್ಲಿ ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ಪ್ರಮುಖರು. ಮಕ್ಕಳು ಜಗತ್ತನ್ನು ಕಲ್ಪಿಸಿಕೊಳ್ಳುವ ಬಗೆಯನ್ನು ಕುರಿತ ಅವರ ಗ್ರಂಥವು ಫ್ರೆಂಚ್ ಭಾಷೆಯಲ್ಲಿ ೧೯೨೬ರಲ್ಲಿ ಹೊರಬಂದಿತು. ರಾತ್ರಿ ಏಕೆ ಆಗುತ್ತದೆಂದರೆ ಚಿಕ್ಕ ಮಕ್ಕಳು ಕಾರಣವನ್ನು ಹೇಳುವುದಿಲ್ಲ, ಪ್ರಯೋಜನವನ್ನು ಹೇಳುತ್ತಾರೆ ಎಂಬುದನ್ನು ಅವರು ಕಂಡರು. ರಾತ್ರಿ ಆಗುವುದು ನಾವು ಮಲಗುವುದಕ್ಕಾಗಿ! ಸ್ವಲ್ಪ ದೊಡ್ಡವರಾದ ಮೇಲೆ, ಕಪ್ಪು ಮೋಡವೋ ಹೊಗೆಯೋ ಬಂದು ಆಕಾಶವನ್ನು ತುಂಬುತ್ತದೆ ಎನ್ನುತ್ತಾರೆ. ನಮ್ಮ ಕಡೆಯ ಮಕ್ಕಳೂ ಬೇರೆಯಲ್ಲ. “ಸೂರ್ಯ ಎಲ್ಲೈತೆ?” ಎಂದರೆ “ಮನಿಕ್ಕಂಡೈತೆ” ಎಂಬ ಉತ್ತರವು ಸಿದ್ಧ.

ಗ್ರೀಸ್ ದೇಶದ ಸ್ಟೆಲ್ಲಾ ವೋಸ್ನಿಯಾಡು ಮತ್ತು ಅಮೆರಿಕದ ವಿಲಿಯಂ ಬ್ರೂವರ್ ಎಂಬ ಮನೋವಿಜ್ಞಾನಿಗಳು ೧೯೯೨ರಲ್ಲಿ ಭೂಮಿಯ ಆಕಾರದ ಬಗೆಗೂ, ೧೯೯೪ರಲ್ಲಿ ಹಗಲು ರಾತ್ರಿಗಳ ಬಗೆಗೂ ಪ್ರಕಟಿಸಿದ ಅಧ್ಯಯನಗಳು ಇನ್ನೂ ಸ್ವಾರಸ್ಯವಾದುವು. ಅವರು ಇಲಿನಾಯ್ ರಾಜ್ಯದ ಒಂದು, ಮೂರು ಮತ್ತು ಐದನೆಯ ತರಗತಿಗಳ ೬೦ ಮಕ್ಕಳನ್ನು ಪ್ರಶ್ನಿಸಿದರು. ಸೂರ್ಯನು ಬೆಟ್ಟದ ಹಿಂದೆಯೋ ಮೋಡದ ಹಿಂದೆಯೋ ಹೋಗುತ್ತಾನೆ ಎಂದವರುಂಟು. ಆದರೆ ಹೆಚ್ಚು ಗಮನಾರ್ಹವಾದುದು ನಡುವಿನವರ ಉತ್ತರಗಳು. ಗುರುಗಳಿಂದ ಕೇಳಿದ ಮಾತನ್ನು ಬಿಡಲಾರರು. ತಮ್ಮ ಕಣ್ಣನ್ನೂ ನಂಬದಿರಲಾರರು. ಆದ್ದರಿಂದ ಎರಡನ್ನೂ ಬೆರಸಿ ಒಂದು ಕಲಸುಮೇಲೋಗರವನ್ನು ಕಟ್ಟುತ್ತಾರೆ: ಭೂಮಿಯು ಗುಂಡಗಿದೆ, ಆದರೆ ಒಳಗೆ ಪೊಳ್ಳು, ನಾವು ಅದರೊಳಗಿನ ಚಪ್ಪಟೆ ನೆಲದ ಮೇಲಿದ್ದೇವೆ, ಭೂಮಿಯು ತಿರುಗುತ್ತದೆ, ಆದರೆ ಒಂದು ಬದಿಗೆ ಸೂರ್ಯನೂ ಮತ್ತೊಂದು ಬದಿಗೆ ಚಂದ್ರನೂ ಅಂಟಿಕೊಂಡಿದ್ದಾರೆ. ನಮ್ಮ ತರಗತಿಯ ಆ ವಿನಯಶೀಲ ವಿದ್ಯಾರ್ಥಿನಿಯು ಇದ್ದುದು ಇಲ್ಲಿಯೇ! ಇದೇ ಬಗೆಯ ಅಧ್ಯಯನವನ್ನು ಅಲಾ ಸಮರಪುಂಗವನ್ ಮೊದಲಾದವರು ಹೈದರಾಬಾದಿನ ಮಕ್ಕಳಲ್ಲಿ ನಡೆಸಿ ೧೯೯೬ರಲ್ಲಿ ಪ್ರಕಟಿಸಿದರು. ಅಲ್ಲಿ ಹಲವು ಮಕ್ಕಳ ಭೂಮಿಯು ನೀರಿನ ಮೇಲೆ ತೇಲುತ್ತಿತ್ತು. ಮನೆಯಲ್ಲಿ ಕೇಳಿದ ಕಥೆಗಳ ಛಾಯೆ ಅದೆಂದು ಬೇರೆಯಾಗಿ ಹೇಳಬೇಕಾಗಿಲ್ಲ.

ಈ ನಿರ್ಣಯಗಳನ್ನು ಎಲ್ಲರೂ ಒಪ್ಪಿದ್ದಾರೆಂದಲ್ಲ. ಬ್ರಿಟನ್ನಿನ ಗೇವಿನ್ ನೋಬ್ಸ್ ಮತ್ತು ಅವರ ಸಂಗಡಿಗರು ೨೦೦೩ರಿಂದ ಈಚೆಗೆ ಒಂದು ಆಕ್ಷೇಪವನ್ನು ಎತ್ತಿದ್ದಾರೆ: ಮಗುವಿಗೆ ಚಿತ್ರ ಬರೆಯೆಂದರೆ ಕಷ್ಟ, ಮಾದರಿಗಳನ್ನು ಮುಂದಿಟ್ಟು ಆರಿಸೆಂದರೆ ಅದು ಹೆಚ್ಚು ತಿಳಿದಿರುವುದಾಗಿ ಕಾಣುತ್ತದೆ, ಆದ್ದರಿಂದ ಮಕ್ಕಳ ತಲೆಯಲ್ಲಿ ಇರುವುದು ಕಟ್ಟಿದ ಸಿದ್ಧಾಂತವಲ್ಲ, ಬಿಡಿ ಬಿಡಿ ತುಣುಕುಗಳು ಎಂದು. ನಮಗೆ ಈ ವಾದದಲ್ಲಿ ಹುರುಳಿದೆಯೆಂದೇ ತೋರುತ್ತದೆ. ತುಣುಕುಗಳಾದರೂ ಸರಿ, ಅವುಗಳನ್ನು ಒಂದೊಂದಾಗಿ ಗಟ್ಟಿಮಾಡಬೇಕಷ್ಟೆ. ಅವುಗಳಲ್ಲಿ ಮುಖ್ಯವಾದುವು ಎರಡು: ರಾತ್ರಿಯೆಂಬುದು ಒಂದು ನೆರಳು, ಮತ್ತು, ತಿರುಗುವವನಿಗೆ ತಾನು ತಿರುಗುವುದು ತಿಳಿಯದೆ, ಎದುರಿನದೇ ಸರಿಯುತ್ತಿರುವಂತೆ ತೋರಬಹುದು. ಎರಡನ್ನೂ ಮಗುವು ಅಂಗಳದಲ್ಲಿ ಆಡಿ ಕಲಿಯಬಲ್ಲದು. ಗೋಳವೂ ಅಕ್ಷವೂ ಆಮೇಲೆ ಬರಲಿ.

ನೆರಳಿನಿಂದ ಮೊದಲುಮಾಡೋಣ. ಬೆಳಿಗ್ಗೆ ಹತ್ತು ಗಂಟೆಗೆ ಮಗುವನ್ನು ಅಂಗಳದಲ್ಲಿ ನಿಲ್ಲಿಸಿ, ಅದರ ಪಾದಗಳ ಸುತ್ತ ಸುಣ್ಣದ ಕಡ್ಡಿಯಿಂದ ಗೆರೆ ಎಳೆದು, ನೆರಳಿನ ತಲೆಯ ಕಡೆ ಒಂದು ಕಲ್ಲನ್ನು ಇಡಿ. ಹನ್ನೆರಡೂವರೆಗೆ ಊಟಕ್ಕೆ ಕೂರುವ ಮೊದಲು ಅದೇ ಪಾದದ ಗುರುತಿನಲ್ಲಿ ಮತ್ತೆ ನಿಲ್ಲಿಸಿ. ಮೂರು ಗಂಟೆಗೆ ಮತ್ತೊಮ್ಮೆ. ಕುಣಿಗಲ್ ಕಡೆಯ ಅಂಗನವಾಡಿಯಲ್ಲಿ ಇದನ್ನು ಮಾಡಿದ ದಿನ ಒಂದು ಮಗುವು ತನ್ನ ಕಲ್ಲನ್ನು ಬಿಟ್ಟು ನೆರಳು ದೂರ ಸರಿದುದನ್ನು ಕಂಡು, “ಮಿಸ್, ನನ್ ನೆರಳು ಓಡೋಗೈತೆ!” ಎಂದು ಗಾಬರಿಯಿಂದ ಕೂಗಿತು. ಅಲ್ಲಿನ ಕಾರ್ಯಕರ್ತೆಯು ನಮಗಿಂತ ಜಾಣೆ. ಅವರು ಏನನ್ನೂ ವಿವರಿಸದೆ, “ಹೌದೇನಮ್ಮ? ಎತ್ತಾಗೆ ಓಡ್ತು? ನಾಳೇನೂ ಅತ್ತಾಗೇ ಓಡ್ತದಾ, ನೋಡನ” ಎಂದರು. ಮರುದಿನವೂ ನೋಡಿದರು. ಅದರ ಮರುದಿನವೂ. ಬೆಳಗಿನ ನೆರಳು ಪಡುವಣಕ್ಕೆ, ಸಂಜೆಯದು ಮೂಡಣಕ್ಕೆ ಎಂಬ ನಿಯಮವು ಮಕ್ಕಳ ಬಾಯಿಂದಲೇ ಹೊರಟಿತು. ಅವರ ಮಾತಿನಲ್ಲಿ ಅದು ‘ಬೆಳಿಗ್ಗೆ ಗೇಟಿನ ಕಡೆ, ಆಮೇಲೆ ಬೇವಿನಮರದ ಕಡೆ’ ಎಂದಿತ್ತು.

ಇಲ್ಲಿ ಹಿರಿಯ ವಾಚಕರಿಗಾಗಿ ಒಂದೆರಡು ಲೆಕ್ಕ. ನೆರಳು ಅತ್ಯಂತ ಗಿಡ್ಡವಾಗುವುದು ಹನ್ನೆರಡು ಗಂಟೆಗಲ್ಲ. ನಮ್ಮ ಗಡಿಯಾರಗಳು ೮೨½ ಡಿಗ್ರಿ ಪೂರ್ವರೇಖಾಂಶದ ಕಾಲವನ್ನು ತೋರಿಸುತ್ತವೆ. ತುಮಕೂರು ಇರುವುದು ಸುಮಾರು ೭೭.೧ ಡಿಗ್ರಿಯಲ್ಲಿ. ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಇಪ್ಪತ್ತೊಂದು ಇಪ್ಪತ್ತೆರಡು ನಿಮಿಷ ತಡವಾಗಿ, ಎಂದರೆ ೧೨ ಗಂಟೆ ೨೦ ನಿಮಿಷದ ಆಸುಪಾಸಿನಲ್ಲಿ, ನಮಗೆ ನಿಜವಾದ ನಡುಹಗಲು. ಋತುವಿಗನುಸಾರವಾಗಿ ಇದು ಕಾಲುಗಂಟೆಯಷ್ಟು ಹಿಂದುಮುಂದಾಗುವುದುಂಟು. ಮತ್ತೊಂದು ವಿಶೇಷ: ತುಮಕೂರಿನ ಅಕ್ಷಾಂಶ ಸುಮಾರು ೧೩.೩ ಡಿಗ್ರಿ. ಏಪ್ರಿಲ್ ೨೫ರ ಸುಮಾರಿಗೆ ಮತ್ತು ಆಗಸ್ಟ್ ೧೭ರ ಸುಮಾರಿಗೆ ನಡುಹಗಲಿನಲ್ಲಿ ಸೂರ್ಯನು ನೆತ್ತಿಯ ಮೇಲೆಯೇ ಬಂದು, ನೆಟ್ಟ ಕೋಲಿಗೆ ನೆರಳೇ ಇಲ್ಲವಾಗುತ್ತದೆ. ಈ ಎರಡು ದಿನಗಳ ನಡುವಣ ಅವಧಿಯಲ್ಲಿ ನಡುಹಗಲ ನೆರಳು ತೆಂಕಣಕ್ಕೂ, ಉಳಿದ ಕಾಲದಲ್ಲಿ ಬಡಗಣಕ್ಕೂ ಬೀಳುತ್ತದೆ. ದೆಹಲಿಯ ಮಕ್ಕಳಿಗೆ ಈ ಸೌಭಾಗ್ಯವಿಲ್ಲ. ಅಲ್ಲಿ ಸೂರ್ಯನು ಎಂದಿಗೂ ನೆತ್ತಿಗೆ ಬರುವುದಿಲ್ಲ. ಆಗಸ್ಟಿನಲ್ಲಿ ಮೋಡ ಕಾಡಬಹುದು. ಏಪ್ರಿಲ್ ದಿನವನ್ನು ಬಿಡಬೇಡಿ. ಸೂರ್ಯನನ್ನು ನೇರವಾಗಿ ನೋಡಬಾರದೆಂಬ ಎಚ್ಚರಿಕೆಯನ್ನು ಮಾತ್ರ ಮಕ್ಕಳಿಗೆ ಮೊದಲ ದಿನವೇ ಹೇಳಿಕೊಡಬೇಕು. ನೆರಳಿನ ಆಟದಲ್ಲಿ ಅದರ ಅಗತ್ಯವೂ ಬರುವುದಿಲ್ಲ.

ಬಿಸಿಲಿನಲ್ಲಿ ಓಡುವವರನ್ನು ಹಿಡಿಯುವುದು, ನೆರಳಿಗೆ ಬಂದವರನ್ನು ಬಿಡುವುದು ಎಂಬ ಆಟವನ್ನು ಎಲ್ಲರೂ ಆಡಿರುತ್ತೇವೆ. ಮರದ ನೆರಳು, ಮನೆಯ ನೆರಳು, ಅಜ್ಜಿಯ ನೆರಳು: ಯಾವುದರೊಳಗೆ ಹೊಕ್ಕರೂ ಸೂರ್ಯನು ಕಾಣುವುದಿಲ್ಲ, ಆದರೆ ಸೂರ್ಯನು ಆರಿಹೋಗಿಲ್ಲ. ಟಾರ್ಚನ್ನು ಆರಿಸಿದ ಆ ಹುಡುಗನಿಗೆ ಬೇಕಾಗಿದ್ದ ಪಾಠ ಇದು. ಎಷ್ಟೋ ವರ್ಷಗಳ ಮೇಲೆ ಅವನು ಕೇಳುವ ಮಾತು, ‘ಭೂಮಿಯೇ ಒಂದು ದೊಡ್ಡ ಮರ, ಅದರ ನೆರಳಿನೊಳಗೆ ನಾವು ಹೋಗುವುದೇ ರಾತ್ರಿ’ ಎಂಬುದು, ಆಗ ಅವನಿಗೆ ಹೊಸದೆನಿಸುವುದಿಲ್ಲ. ಭೂಮಿಯ ಈ ಕರಿನೆರಳು ಅಂತರಿಕ್ಷದಲ್ಲಿ ಸುಮಾರು ೧೪ ಲಕ್ಷ ಕಿಲೋಮೀಟರ್ ಉದ್ದಕ್ಕೆ ಶಂಕುವಿನಂತೆ ಚಾಚಿಕೊಂಡಿದೆ. ಚಂದ್ರನು ನಮ್ಮಿಂದ ಸರಾಸರಿ ೩ ಲಕ್ಷ ೮೪ ಸಾವಿರ ಕಿಲೋಮೀಟರ್ ದೂರದಲ್ಲಿದ್ದಾನೆ. ಕೆಲವು ಹುಣ್ಣಿಮೆಗಳಲ್ಲಿ ಅವನು ಈ ನೆರಳನ್ನು ಹಾದುಹೋಗುತ್ತಾನೆ. ಚಂದ್ರಗ್ರಹಣವೆಂದರೆ ಚಂದ್ರನು ನಮ್ಮ ರಾತ್ರಿಯೊಳಗೆ ಬಂದು ಹೋಗುವುದು.

ಎರಡನೆಯ ಆಟವು ತಿರುಗುವುದು. ಚಿಕ್ಕಂದಿನಲ್ಲಿ ಕೈಚಾಚಿ ಗಿರ್ರನೆ ತಿರುಗಿ ಬಿದ್ದು ನಗದವರಾರು? ಇಲ್ಲಿ ಮಾತ್ರ ಮೆಲ್ಲಗೆ ತಿರುಗಬೇಕು. ಒಂದು ಕಿಟಕಿಯನ್ನು ತೆರೆದು ಉಳಿದವನ್ನು ಮುಚ್ಚಿ, ಮಗುವನ್ನು ಕೋಣೆಯ ನಡುವೆ ನಿಲ್ಲಿಸಿ. ಕಿಟಕಿಗೆ ಬೆನ್ನು ಮಾಡಿದರೆ ರಾತ್ರಿ. ಎಡಗಡೆಗೆ ಮೆಲ್ಲಗೆ ತಿರುಗುತ್ತ ಬಂದರೆ ಕಿಟಕಿಯು ಮೊದಲು ಎಡಗಣ್ಣಿನ ಅಂಚಿನಲ್ಲಿ ಇಣುಕುತ್ತದೆ. ಆಗ ಮಗುವು ಕೋಳಿಯಂತೆ ಕೂಗಬೇಕು. ಕಿಟಕಿಯು ಮೂಗಿನ ನೇರಕ್ಕೆ ಬಂದರೆ ಊಟ. ಬಲಗಣ್ಣಿನ ಅಂಚಿಗೆ ಸರಿದರೆ ಹಸು ಕರುಗಳು ಮನೆಗೆ ಬರಬೇಕು. ಕಾಣದಾದರೆ ಕಣ್ಣುಮುಚ್ಚಿ ಗೊರಕೆ. ಇಷ್ಟೇ ಆಟ. ಭೂಮಿಯೆಂಬ ಹೆಸರನ್ನೇ ಎತ್ತಬೇಕಾಗಿಲ್ಲ. ಕಿಟಕಿಯು ನಿಂತಲ್ಲಿಯೇ ಇದೆ, ಆದರೂ ಅದು ಎಡದಿಂದ ಬಲಕ್ಕೆ ನಡೆದುಹೋಯಿತು ಎಂಬುದು ಮೈಗೆ ತಿಳಿದರೆ ಸಾಕು. ಮುಂಬಯಿಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದಲ್ಲಿ ಶಮೀನ್ ಪಡಲ್ಕರ್ ಮತ್ತು ಜಯಶ್ರೀ ರಾಮದಾಸ್ ಅವರು ಇದಕ್ಕಿಂತ ದೊಡ್ಡ ಮಕ್ಕಳಿಗೆ ಖಗೋಳವನ್ನು ಕೈಸನ್ನೆ ಮೈಚಲನೆಗಳ ಮೂಲಕ ಕಲಿಸುವ ಬಗೆಯನ್ನು ಅಭ್ಯಾಸಮಾಡಿದ್ದಾರೆ. ಕಣ್ಣಿಗೂ ಮಾತಿಗೂ ನಿಲುಕದ್ದನ್ನು ಮೈ ಎಷ್ಟೋ ವೇಳೆ ಬೇಗ ಹಿಡಿಯುತ್ತದೆ.

ಎಡಗಡೆಗೇ ಏಕೆ? ನಮ್ಮ ಕಾಲೇಜಿನವರು ಮುಗ್ಗರಿಸಿದ ಜಾಗ ಇದು. ತಲೆಯು ಉತ್ತರಧ್ರುವ, ಮೂಗು ತುಮಕೂರು ಎಂದಿಟ್ಟುಕೊಳ್ಳಿ. ಆಗ ಕಲ್ಕತ್ತೆಯು ಮುಖದ ಎಡಭಾಗಕ್ಕೂ ಮುಂಬಯಿಯು ಬಲಭಾಗಕ್ಕೂ ಬೀಳುತ್ತದೆ, ಎಡಗೈಯೇ ಮೂಡಣ. ಬಡಗಣಕ್ಕೆ ಮುಖಮಾಡಿ ನಿಂತರೆ ಬಲಗೈಯಲ್ಲವೆ ಮೂಡಣ ಎಂದು ನೀವು ಕೇಳಬಹುದು. ನಿಜ, ಆದರೆ ಇಲ್ಲಿ ನಾವು ಭೂಮಿಯಿಂದ ಹೊರಮುಖವಾಗಿ, ಸೂರ್ಯನನ್ನು ನೋಡುತ್ತ ನಿಂತಿದ್ದೇವೆ. ಡಿಸೆಂಬರಿನ ನಡುಹಗಲಲ್ಲಿ ತೆಂಕಣದ ಸೂರ್ಯನ ಕಡೆ ಮುಖಮಾಡಿ ನಿಂತು ಪರೀಕ್ಷಿಸಿ; ಮೂಡಣವು ಎಡಗೈಗೇ ಬರುತ್ತದೆ. ಭೂಮಿಯು ಮೂಡಣದ ಕಡೆಗೆ ತಿರುಗುವುದರಿಂದಲೇ ಸೂರ್ಯನು ಮೂಡಣದಲ್ಲಿ ಮೊದಲು ಕಾಣುವುದು. ಗುಬ್ಬಿಯು ತುಮಕೂರಿಗೆ ಪಡುವಣದಲ್ಲಿ ಸುಮಾರು ಇಪ್ಪತ್ತು ಕಿಲೋಮೀಟರ್ ದೂರದಲ್ಲಿದೆ. ರೇಖಾಂಶದ ಅಂತರ ೦.೧೬ ಡಿಗ್ರಿಯಷ್ಟು. ಆದುದರಿಂದ ತುಮಕೂರಿಗೆ ಮೂಡಿದ ಹೊತ್ತು ಗುಬ್ಬಿಗೆ ಮೂಡಲು ಇನ್ನೂ ಸುಮಾರು ನಲವತ್ತು ಸೆಕೆಂಡು ಬೇಕು. ಕುಣಿಗಲ್ಲಿನ ಸಂಗತಿಯೇ ಬೇರೆ. ಅದು ಹೆಚ್ಚು ಕಡಮೆ ತೆಂಕಣಕ್ಕಿದೆ, ಸಮಭಾಜಕಕ್ಕೆ ಒಂದಿಷ್ಟು ಹತ್ತಿರ. ಆದ್ದರಿಂದ ಜೂನ್ ತಿಂಗಳ ಅತ್ಯಂತ ದೀರ್ಘವಾದ ಹಗಲು ತುಮಕೂರಿನಲ್ಲಿ ಸುಮಾರು ೧೨ ಗಂಟೆ ೫೪ ನಿಮಿಷವಾದರೆ ಕುಣಿಗಲ್ಲಿನಲ್ಲಿ ಅದಕ್ಕಿಂತ ಒಂದು ನಿಮಿಷ ಕಡಮೆ. ಇಂಥ ಹತ್ತಿರದ ಊರುಗಳಲ್ಲೂ ಭೂಮಿಯ ದುಂಡುತನವು ಗಡಿಯಾರದಲ್ಲಿ ಕಾಣಿಸಿಕೊಳ್ಳುತ್ತದೆ.

ತಿರುಗುವ ಭೂಮಿಯ ಮೇಲೆ ನಮಗೇಕೆ ತಲೆಸುತ್ತು ಬರುವುದಿಲ್ಲವೆಂದು ಐದು ವರ್ಷದ ಬಾಲಕನೂ ಕೇಳುತ್ತಾನೆ, ಬಿ.ಎಸ್‌ಸಿ. ತರಗತಿಯವನೂ ಕೇಳುತ್ತಾನೆ. ಗಡಿಯಾರದ ಗಂಟೆಯ ಮುಳ್ಳನ್ನು ನೋಡಿ. ಅದು ಚಲಿಸುವುದು ಕಣ್ಣಿಗೆ ತಿಳಿಯುವುದೆ? ಭೂಮಿಯ ತಿರುಗಾಟವು ಅದರ ಅರ್ಧ ವೇಗದ್ದು. ಮುಳ್ಳಿಗೆ ಒಂದು ಸುತ್ತಿಗೆ ಹನ್ನೆರಡು ಗಂಟೆ, ಭೂಮಿಗೆ ಇಪ್ಪತ್ತನಾಲ್ಕು. ಭೂಮಿ ಬಹು ದೊಡ್ಡದಾದ್ದರಿಂದ ತುಮಕೂರು ಮೂಡಣದ ಕಡೆಗೆ ಗಂಟೆಗೆ ಸುಮಾರು ೧೬೨೫ ಕಿಲೋಮೀಟರ್ ವೇಗದಿಂದ ಸಾಗುತ್ತಿದೆ, ನಿಜ. ಆದರೆ ಕುಲುಕಾಟವಿಲ್ಲದ ಸಮವೇಗವು ನಮ್ಮ ಮೈಗೆ ತಿಳಿಯುವುದಿಲ್ಲ. ದಿಕ್ಕು ಬದಲಾಗುವುದರಿಂದ ಉಂಟಾಗುವ ವೇಗೋತ್ಕರ್ಷವು ಗುರುತ್ವದ ಸುಮಾರು ಮುನ್ನೂರರಲ್ಲೊಂದು ಪಾಲು ಮಾತ್ರ.

ಮಕ್ಕಳಿಗೆ ಈ ಲೆಕ್ಕವೆಲ್ಲ ಬೇಡ. ತುಮಕೂರಿನಿಂದ ಗುಬ್ಬಿಗೆ ರೈಲಿನಲ್ಲಿ ಕರೆದುಕೊಂಡು ಹೋಗಿ. ಕಿಟಕಿಯ ಪಕ್ಕದಲ್ಲಿ ಕುಳಿತ ಮಗುವು, “ಮರ ಓಡ್ತಾ ಐತೆ!” ಎಂದು ಕೂಗಿಯೇ ಕೂಗುತ್ತದೆ. ಕೂಗಲಿ. ಗುಬ್ಬಿಯಲ್ಲಿ ಇಳಿದ ಮೇಲೆ, “ಈಗ ಮರ ಏಕೆ ನಿಂತಿತು?” ಎಂದು ಕೇಳಿ ಸುಮ್ಮನಾಗಿ. ಆರ್ಯಭಟನು ಕ್ರಿಸ್ತಶಕ ೪೯೯ರಲ್ಲಿ ರಚಿಸಿದ ಗ್ರಂಥದಲ್ಲಿ ಕೊಟ್ಟ ದೃಷ್ಟಾಂತವೂ ಇದೇ, ರೈಲಿಗೆ ಬದಲಾಗಿ ದೋಣಿ. ಮುಂದಕ್ಕೆ ಸಾಗುವ ದೋಣಿಯಲ್ಲಿರುವವನಿಗೆ ದಡದ ವಸ್ತುಗಳು ಹಿಂದಕ್ಕೆ ಹೋಗುವಂತೆ ಕಾಣುತ್ತವೆ. ಹಾಗೆಯೇ ನಿಶ್ಚಲವಾದ ನಕ್ಷತ್ರಗಳು ಪಡುವಣಕ್ಕೆ ಹೋಗುವಂತೆ ಕಾಣುತ್ತವೆ ಎಂದು ಅವನು ಹೇಳಿದನು. ಅವನ ಈ ಮಾತನ್ನು ಅನಂತರದ ದೊಡ್ಡ ದೊಡ್ಡ ಪಂಡಿತರೇ ಒಪ್ಪಲಿಲ್ಲ. ಭೂಮಿಯ ತಿರುಗಾಟಕ್ಕೆ ಎಲ್ಲರ ಕಣ್ಣಿಗೂ ಕಾಣುವ ಪ್ರಮಾಣ ದೊರೆತದ್ದು ೧೮೫೧ರಲ್ಲಿ, ಫೂಕೋ ಪ್ಯಾರಿಸಿನಲ್ಲಿ ತನ್ನ ಉದ್ದನೆಯ ಲೋಲಕವನ್ನು ತೂಗಿಬಿಟ್ಟಾಗ. ಆ ಲೋಲಕವನ್ನು ತುಮಕೂರಿನಲ್ಲಿ ತೂಗಿಬಿಟ್ಟರೆ ಅದರ ಸಮತಲವು ಒಂದು ಸುತ್ತು ಬರಲು ಸುಮಾರು ೧೦೪ ಗಂಟೆ ಹಿಡಿದೀತು. ಪಂಡಿತರಿಗೇ ಸಾವಿರದ ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ಹಿಡಿದ ವಿಷಯವನ್ನು ಮಗುವು ಒಂದು ತೆಂಗಿನಕಾಯಿಯಿಂದ ಒಂದು ಬೆಳಿಗ್ಗೆ ಕಲಿಯಲಿಲ್ಲವೆಂದು ನಾವು ನೊಂದುಕೊಂಡಿದ್ದೆವಲ್ಲ!

ಅಂಗನವಾಡಿಗಳ ಗೋಡೆಗಳಲ್ಲಿ ಹಗಲು ರಾತ್ರಿಗಳ ಚಿತ್ರಪಟಗಳಿರುತ್ತವೆ. ಹಗಲಿನದರಲ್ಲಿ ನಗುವ ಸೂರ್ಯ, ಶಾಲೆ, ಹೊಲ. ರಾತ್ರಿಯದರಲ್ಲಿ ಚಂದ್ರ, ಮಂಚ, ಮಲಗಿದ ಮಗು. ಇವುಗಳನ್ನು ಬೇರ್ಪಡಿಸುವ ಆಟವು ಒಳ್ಳೆಯದೇ. ಆದರೆ ಒಂದು ದಿನ ಕಾರ್ಯಕರ್ತೆಯು, “ರಾತ್ರಿ ಎಲ್ರೂ ಏನ್ ಮಾಡ್ತಾರೆ?” ಎಂದು ಕೇಳಿ, ಮಕ್ಕಳೆಲ್ಲ “ಮಲಗ್ತಾರೆ” ಎಂದಾಗ, ಒಬ್ಬ ಹುಡುಗನು ಎದ್ದು, “ನಮ್ಮಪ್ಪ ತೋಟಕ್ಕೆ ಓಯ್ತಾರೆ. ಕರೆಂಟು ಬತ್ತದಲ್ಲ, ಅದುಕ್ಕೆ” ಎಂದನು. ಪಂಪ್‌ಸೆಟ್ಟಿಗೆ ರಾತ್ರಿ ವಿದ್ಯುತ್ತು ಬರುವ ಊರುಗಳಲ್ಲಿ ಇದು ನಿತ್ಯದ ಸಂಗತಿ. ಪಿಯಾಜೆ ಕಂಡ ‘ರಾತ್ರಿ ನಾವು ಮಲಗುವುದಕ್ಕಾಗಿ’ ಎಂಬ ಭಾವನೆಯನ್ನು ಅಲುಗಿಸಲು ಇದಕ್ಕಿಂತ ಒಳ್ಳೆಯ ವಾಕ್ಯವಿಲ್ಲ. ಕೂಡಲೇ ಉಳಿದವರೂ ಸೇರಿದರು: ಆಸ್ಪತ್ರೆಯ ದಾದಿ, ಬಸ್ಸಿನ ಚಾಲಕ, ಗೂಬೆ, ಬಾವಲಿ, ಬೊಗಳುವ ನಾಯಿ. ರಾತ್ರಿಯು ಯಾರಿಗಾಗಿಯೂ ಆಗುವುದಿಲ್ಲ, ತಾನಾಗಿ ಆಗುತ್ತದೆ.

ಚಿತ್ರಪಟದ ಚಂದ್ರನ ವಿಷಯದಲ್ಲಿ ನಮಗೆ ತಕರಾರಿದೆ. ಚಂದ್ರನು ರಾತ್ರಿಯ ಗುರುತಲ್ಲ. ಕೃಷ್ಣಪಕ್ಷದ ಸಪ್ತಮಿ ಅಷ್ಟಮಿಗಳಂದು ಬೆಳಿಗ್ಗೆ ಒಂಬತ್ತು ಗಂಟೆಗೆ ಮಕ್ಕಳನ್ನು ಹೊರಗೆ ಕರೆತಂದು ಪಡುವಣದ ಆಕಾಶವನ್ನು ನೋಡಿಸಿ. ಬಿಳಿಯ ಅರ್ಧಚಂದ್ರನು ಹಗಲಿನಲ್ಲೇ ತೇಲುತ್ತಿರುತ್ತಾನೆ. ಈ ಒಂದು ನೋಟವು ಚಿಕ್ಕಂದಿನಲ್ಲೇ ದೊರೆತಿದ್ದರೆ ನಮ್ಮ ವಿದ್ಯಾರ್ಥಿನಿಯು ಚಂದ್ರನನ್ನು ಗೋಡೆಗೆ ಅಂಟಿಸುತ್ತಿರಲಿಲ್ಲ.

ಗುಬ್ಬಿಯೆಂದರೆ ನಾಟಕವಲ್ಲವೆ? ೧೮೮೪ರಲ್ಲಿ ಅಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘವು ಮುಂದೆ ವೀರಣ್ಣನವರ ಕೈಯಲ್ಲಿ ನಾಡೆಲ್ಲ ಹೆಸರಾಯಿತು. ಆ ಊರಿನ ಮಕ್ಕಳೂ ವೇಷವೆಂದರೆ ಪ್ರಾಣ ಬಿಡುತ್ತಾರೆ. ಹಳದಿ ವಲ್ಲಿಯನ್ನು ಹೊದ್ದ ಮಗುವು ಸೂರ್ಯನಾಗಿ ಮೂಡಣದ ಬಾಗಿಲಿನಿಂದ ಬಂದು ಪಡುವಣದ ಕಿಟಕಿಯ ಕಡೆಗೆ ನಡೆಯುವುದು, ಉ‌ಳಿದವರು ಕೋಳಿ, ಹಸು, ಹಾಲಿನವರು, ಅಜ್ಜಿ ಆಗುವುದು: ಇದನ್ನು ಅವರು ಎಷ್ಟು ಸಲವಾದರೂ ಆಡಬಲ್ಲರು. ಇದು ತಪ್ಪು ವಿಜ್ಞಾನವಲ್ಲವೆ, ಸೂರ್ಯನು ನಡೆಯುತ್ತಾನೆಯೆ ಎಂದು ನಮ್ಮ ಸಹೋದ್ಯೋಗಿಗಳೊಬ್ಬರು ಆಕ್ಷೇಪಿಸಿದರು. ನಮ್ಮ ಅಭಿಪ್ರಾಯ ಬೇರೆ. ಕಾಣುವುದನ್ನು ಕ್ರಮವಾಗಿ ಕಂಡು ಆಡಿ ತೋರಿಸುವುದು ವಿಜ್ಞಾನದ ಮೊದಲ ಮೆಟ್ಟಿಲು. ಪಂಚಾಂಗದವರು ಇಂದಿಗೂ ಉದಯಾಸ್ತಗಳ ಲೆಕ್ಕವನ್ನು ಇಡುವುದು ಈ ನೋಟದಿಂದಲೇ. ಕಾಣುವುದನ್ನು ಸರಿಯಾಗಿ ಕಂಡಿರದವನಿಗೆ ಕಾರಣವನ್ನು ಹೇಳುವುದು ಪ್ರಶ್ನೆಯಿಲ್ಲದೆ ಉತ್ತರವನ್ನು ಕೊಟ್ಟಂತೆ. ಆ ಉತ್ತರವು ನಾಲಗೆಯಿಂದ ಕೆಳಕ್ಕೆ ಇಳಿಯುವುದಿಲ್ಲ.

ಹಾಗಾದರೆ ಮಗುವು, ‘ಹೊತ್ತು ಎಲ್ಲಿಗೆ ಹೋಯಿತು?’ ಎಂದರೆ ಏನು ಹೇಳೋಣ? ‘ಮಲಗಿತು’ ಎಂದರೆ ಸುಳ್ಳು. ‘ಭೂಮಿ ತಿರುಗಿತು’ ಎಂದರೆ ನಿಜ, ಆದರೆ ನಾಲ್ಕು ವರ್ಷದ ಕಿವಿಗೆ ಬರಿಯ ಶಬ್ದ. ಮೂರನೆಯದೊಂದು ಉಂಟು: ‘ಈಗ ಬೇರೆ ಊರಿನವರಿಗೆ ಕಾಣುತ್ತಿದೆ.’ ಇದು ನಿಜವೂ ಹೌದು, ಮಗುವಿಗೆ ಎಟಕುವಂಥದೂ ಹೌದು. ತುಮಕೂರಿನ ಮಕ್ಕಳು ಹೊತ್ತು ದೇವರಾಯನದುರ್ಗದ ಬೆಟ್ಟಗಳ ಕಡೆಯಿಂದ ಹುಟ್ಟುವುದನ್ನು ಕಾಣುತ್ತಾರೆ. ಆ ಬೆಟ್ಟಗಳ ಮೂಡಣದ ಮಗ್ಗುಲಿನ ಹಳ್ಳಿಗಳವರಿಗೆ ಹೊತ್ತು ಮುಳುಗುವುದೇ ಅದೇ ಬೆಟ್ಟಗಳ ಹಿಂದೆ. ಒಂದು ರಜೆಯ ದಿನ ಆ ಕಡೆಯ ನೆಂಟರ ಮನೆಗೆ ಹೋಗಿಬಂದ ಮಗುವಿಗೆ, ಸೂರ್ಯನ ಮನೆಯು ಬೆಟ್ಟದಲ್ಲಿದೆಯೆಂದು ನಂಬುವುದು ಕಷ್ಟವಾಗುತ್ತದೆ.

ಈಗಿನ ಕಾಲದಲ್ಲಿ ಇನ್ನೂ ಒಂದು ಅನುಕೂಲವಿದೆ. ನಮ್ಮ ಊರುಗಳ ಎಷ್ಟೋ ಮನೆಗಳವರು ಸಮುದ್ರದಾಚೆ ಇದ್ದಾರೆ. ಕುಣಿಗಲ್ಲಿನ ಅಂಗನವಾಡಿಯ ಹುಡುಗಿಯೊಬ್ಬಳ ಅತ್ತೆಯು ಟೆಕ್ಸಾಸಿನಲ್ಲಿರುವರು. ನಮ್ಮ ರೇಖಾಂಶಕ್ಕೆ ಭೂಮಿಯ ನೇರ ಎದುರು ಮಗ್ಗುಲು ಪಶ್ಚಿಮದ ೧೦೩ ಡಿಗ್ರಿ. ಅದು ಟೆಕ್ಸಾಸಿನ ಪಡುವಣ ಅಂಚನ್ನು ಹಾಯುತ್ತದೆ. ಸಂಜೆ ಏಳು ಗಂಟೆಗೆ ದೂರವಾಣಿಯ ತೆರೆಯಲ್ಲಿ ಅತ್ತೆಯ ಹಿಂದಿನ ಕಿಟಕಿಯಲ್ಲಿ ಎಳೆಬಿಸಿಲು. ಇಲ್ಲಿ ದೀಪ ಹಚ್ಚಿದೆ. ಆ ಹುಡುಗಿಯು ಅಜ್ಜಿಯನ್ನು, “ಅಜ್ಜಿ, ನಮ್ ಹೊತ್ತು ಅತ್ತೆ ತಾವ್ ಓಗೈತಾ?” ಎಂದು ಕೇಳಿದಳಂತೆ. “ಊಂ ಕಣವ್ವ, ಬೆಳಗಾನ ಅಲ್ಲಿದ್ದು ಬತ್ತದೆ” ಎಂದರಂತೆ ಅಜ್ಜಿ. ಇದನ್ನು ಕೇಳಿ ನಮಗೆ ತಿದ್ದಬೇಕೆಂದು ತೋರಲಿಲ್ಲ.

ಅದೇ ಹುಡುಗಿಯೊಡನೆ, ಕಾರ್ಯಕರ್ತೆಯೊಡನೆ, ಇನ್ನೂ ನಾಲ್ಕಾರು ಮಕ್ಕಳೂ ತಾಯಂದಿರೂ ಸೇರಿ, ಜನವರಿಯ ಒಂದು ಸಂಜೆ ಕುಣಿಗಲ್ ಕೆರೆಯ ಏರಿಯ ಮೇಲೆ ಹೋಗಿದ್ದೆವು. ಜನಪದ ಹಾಡಿನಲ್ಲಿ ಹೊಗಳಿಸಿಕೊಂಡ ಆ ಕೆರೆಯ ಮೇಲೆ ಹೊತ್ತು ಮುಳುಗಿತು. ಎಲ್ಲರೂ ಪಡುವಣದ ಕೆಂಪನ್ನು ನೋಡುತ್ತಿದ್ದರು. ನಾವು ಮಕ್ಕಳನ್ನು ಹಿಂದಕ್ಕೆ ತಿರುಗಿಸಿದೆವು. ಆಕಾಶ ನಿರ್ಮಲವಾಗಿದ್ದರೆ, ಹೊತ್ತು ಮುಳುಗಿದ ಹತ್ತು ಹದಿನೈದು ನಿಮಿಷಗಳಲ್ಲಿ ಮೂಡಣದ ಅಂಚಿನಲ್ಲಿ ಒಂದು ನೀಲಿಗಪ್ಪು ಪಟ್ಟಿಯು ಏಳುತ್ತದೆ. ಅದರ ಮೇಲೆ ತಿಳಿಗುಲಾಬಿಯ ಇನ್ನೊಂದು ಪಟ್ಟಿ. ಕೆಳಗಿನ ಆ ಕಪ್ಪು ನಮ್ಮ ಭೂಮಿಯ ನೆರಳು, ವಾತಾವರಣದ ಮೇಲೆ ಬಿದ್ದುದು. ಗುಲಾಬಿಯು ಇನ್ನೂ ಬಿಸಿಲು ತಾಗುತ್ತಿರುವ ಮೇಲಣ ಗಾಳಿ. ನಿಮಿಷ ನಿಮಿಷಕ್ಕೂ ನೆರಳು ಮೇಲೇರುತ್ತದೆ, ಗುಲಾಬಿಯು ಮಸುಕಾಗುತ್ತದೆ, ಕಡೆಗೆ ಎರಡೂ ಬೆರೆತು ಇರುಳಾಗುತ್ತದೆ. ದಿನವೂ ನಡೆಯುವ ಈ ನೋಟವನ್ನು ನಮ್ಮ ಕಾಲೇಜಿನಲ್ಲಿ ಕಂಡೆನೆಂದವರು ಇದುವರೆಗೆ ಇಬ್ಬರೋ ಮೂವರೋ.

ನಾವು ಮಕ್ಕಳಿಗೆ ಏನನ್ನೂ ಹೇಳಿರಲಿಲ್ಲ. ಸ್ವಲ್ಪ ಹೊತ್ತು ನೋಡಿದ ಮೇಲೆ ಆ ಹುಡುಗಿಯು ಮೂಡಣಕ್ಕೆ ಕೈತೋರಿಸಿ, “ಮಿಸ್, ರಾತ್ರಿ ಅಲ್ಲಿಂದ ಬತ್ತಾ ಐತೆ” ಎಂದಳು. ಕಾರ್ಯಕರ್ತೆಯು ನಮ್ಮ ಮುಖವನ್ನು ನೋಡಿದರು. ಚಳಿಯೇಳುತ್ತಿದ್ದುದರಿಂದ ತಾಯಂದಿರು ಅವಸರಪಡಿಸಿದರು. ಮಕ್ಕಳ ಕಿವಿಗೆ ಸೆರಗು ಸುತ್ತಿ ಏರಿಯನ್ನು ಇಳಿದೆವು.